ಚಪ್ಪಲಿ ಬಿಟ್ಟವರಿಗೆ ಬಿಸ್ಕತ್ತು ಮಾರುವ ಬಗ್ಗೆ

ಇಲಾಖಾ ಕಚೇರಿ (ಅಡುಗೆಮನೆ), ಹದಡಿ ರಸ್ತೆ, ದಾವಣಗೆರೆ
ಸಂಖ್ಯೆ: ನಾ.ಗಂ.ಚ/ಬಿಸ್ಕತ್ತು/03/2025-26
ದಿನಾಂಕ: 14-11-2025, ಶುಕ್ರವಾರ

ಸುತ್ತೋಲೆ

ವಿಷಯ: ನಾಲ್ಕು ಗಂಟೆಯ ಚಹಾ ವೇಳೆಯಲ್ಲಿ ಬಿಸ್ಕತ್ತು ಕೊಳ್ಳಲು ಬರುವ ಗ್ರಾಹಕರು ನೆಂಟರಾಗಿ ಪರಿವರ್ತನೆಗೊಳ್ಳುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
1. ದಿ. 09-11-2025ರ ಹನ್ನೊಂದು ಬಿಸ್ಕತ್ತುಗಳ ಪ್ರಕರಣ.
2. ಮನೆಯ ಯಜಮಾನರಾದ ಶ್ರೀ ಉಚ್ಚೆಂಗಪ್ಪ (ಅಪ್ಪ) ರವರು ದಿ. 10-11-2025ರಂದು ಹಲ್ಲುಜ್ಜುತ್ತಾ ನೀಡಿದ ಮೌಖಿಕ ಆದೇಶ.
3. ಕೆಳಸಹಿದಾರರ ದಿನಚರಿ, ಅದೇ ದಿನದ ಪುಟ (ಗೋಪ್ಯ, ಯಾರೂ ತೆರೆಯತಕ್ಕದ್ದಲ್ಲ).

ಪ್ರಸ್ತಾವನೆ:

ಕೆಳಸಹಿದಾರರು (ಈ ಮನೆಯ ಮಗಳು) ಪದವಿ ಮುಗಿದಂದಿನಿಂದ ಪ್ರತಿದಿನ ನಾಲ್ಕು ಗಂಟೆಗೆ ಕಿಟಕಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದು, ಜೊತೆಗೆ ಕಡಿಯಲು ಏನಾದರೂ ಇರಲೆಂದು ಬೆಣ್ಣೆ ಬಿಸ್ಕತ್ತು ಬೇಯಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಶ್ರೀಮತಿ ಅಮೀನಾಬೀ ರವರು ಎಂಟನೆಯ ಬಿಸ್ಕತ್ತಿನ ನಂತರ, "ಇದನ್ನ ಮಾರು ಬೇಟಾ, ಸುಮ್ನೆ ನಮಗೇ ತಿನ್ಸಿ ಏನ್ ಮಾಡ್ತೀ" ಎಂದು ಅಭಿಪ್ರಾಯಪಟ್ಟ ಮೇರೆಗೆ ಸದರಿ ಅಭ್ಯಾಸವನ್ನು ಉದ್ಯಮವೆಂದು ಘೋಷಿಸಲಾಯಿತು. ನಂತರವೂ ಅವರು ತಿನ್ನುವುದನ್ನು ನಿಲ್ಲಿಸಿರುವುದಿಲ್ಲ.

ಹೀಗಿರಲಾಗಿ, ಹರಿಹರದಲ್ಲಿ ಹೊಲಿಗೆ ತರಗತಿ ನಡೆಸುವ ಶ್ರೀ ಮೈಲಾರಲಿಂಗಪ್ಪ ರವರು ನಲವತ್ತು ಬಿಸ್ಕತ್ತು ಹೇಳಿ, ಉಲ್ಲೇಖ (1)ರ ದಿನ ಒಯ್ಯಲು ಬಂದಾಗ, ಶ್ರೀಮತಿ ಅಂಜಿನವ್ವ (ಅಜ್ಜಿ) ರವರು "ಬರ್ರಿ, ಚಪ್ಪಲಿ ಅಲ್ಲೇ ಬಿಡ್ರಿ, ಕೂಡ್ರಿ. ಖಾಲಿ ಚಾ ಹೆಂಗ್ ಕೊಡೋದು" ಎಂದು ನುಡಿದು, ಕಟ್ಟಿಟ್ಟಿದ್ದ ಡಬ್ಬಿಯನ್ನೇ ಬಿಚ್ಚಿರುತ್ತಾರೆ. ಗ್ರಾಹಕರು "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತಲೇ ಆರು, ಅಜ್ಜಿಯವರು ಜೊತೆಗಿರಲೆಂದು ಮೂರು, ಶ್ರೀಮತಿ ಪ್ರೇಮಲತಾ (ಅಮ್ಮ) ರವರು ಅಜ್ಜಿಯವರಿಗೆ ಜೊತೆಯೆಂದು ಎರಡು ತಿಂದಿರುತ್ತಾರೆ. ಕೆಳಸಹಿದಾರರು ಪರದೆಯ ಹಿಂದೆ ಹಾಜರಿದ್ದರು.

ಸಂಜೆ ಹರಿಹರದಿಂದ ಫೋನ್ ಬಂದು, "ಅಲ್ಲವ್ವಾ, ನಲವತ್ತು ಅಂದಿದ್ದೆ, ಇಪ್ಪತ್ತೊಂಬತ್ತೇ ಐತಲ್ಲ?" ಎಂದು ವಿಚಾರಿಸಲಾಗಿ, ಕೆಳಸಹಿದಾರರಿಂದ "ಹೌದ್ರಿ" ಎಂದು ಉತ್ತರಿಸಲಾಯಿತು. "ಹೌದ್ರಿ ಅಂದ್ರೆ?" ಎಂದು ಸ್ಪಷ್ಟನೆ ಕೋರಲಾಗಿ, ಪುನಃ "ಹೌದ್ರಿ" ಎಂದೇ ಸ್ಪಷ್ಟಪಡಿಸಲಾಯಿತು. ಆದಾಗ್ಯೂ ಸದರಿಯವರು ಶನಿವಾರದ ಪ್ರಮಾಣಪತ್ರ ವಿತರಣೆಯ ಚಹಾಕ್ಕೆ ನೂರೈವತ್ತು ಬಿಸ್ಕತ್ತು ಹೇಳಿರುವುದು ಅವರ ದೊಡ್ಡ ಗುಣವೆಂದು ದಾಖಲಿಸಲಾಗಿದೆ.

ಉಲ್ಲೇಖ (2)ರ ಆದೇಶ ಯಥಾವತ್ತಾಗಿ ಹೀಗಿದೆ: "ಒಂದಾರ ಆರ್ಡರ್ ಎಣಿಸಿ ಪೂರ್ತಿ ಮುಟ್ಟಿಸಿ ತೋರ್ಸು. ಇಲ್ಲಾಂದ್ರೆ ಬರೋ ಸೋಮವಾರದಿಂದ ಮಲೆಬೆನ್ನೂರು. ಅಕ್ಕಿ ಗಿರಣಿ ಆಫೀಸಿನಾಗೆ ಕುರ್ಚಿ ಖಾಲಿ ಐತೆ, ಮಾತಾಡೀನಿ." ಸದರಿ ಗಿರಣಿಯಲ್ಲಿ ಚಹಾ ಹನ್ನೊಂದಕ್ಕೆ ಮಾತ್ರ ಎಂದು ತಿಳಿದುಬಂದಿದ್ದು, ಪರಿಸ್ಥಿತಿಯ ಗಾಂಭೀರ್ಯವನ್ನು ಬೇರೆ ವಿವರಿಸಬೇಕಿಲ್ಲ.

ಮೇಲ್ಕಂಡ ಸಂಗತಿಗಳನ್ನು ಮನೆಯವರಿಗೆ ಬಾಯಿಮಾತಿನಲ್ಲಿ ತಿಳಿಸಲು ಮೂರು ಬಾರಿ ಪ್ರಯತ್ನಿಸಲಾಗಿ, ಮೂರೂ ಬಾರಿ "ಏನಿಲ್ಲ ಬಿಡಮ್ಮ" ಎಂದು ಮುಕ್ತಾಯಗೊಂಡ ಕಾರಣ, ಅಡುಗೆಮನೆ ಬಾಗಿಲಿಗೆ ಅಂಟಿಸಿದ ಈ ಹಾಳೆಯ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಚಪ್ಪಲಿ ಹಾಕಿಕೊಂಡು ಹೊಸ್ತಿಲಾಚೆ ನಿಂತವರನ್ನು 'ಗ್ರಾಹಕ'ರೆಂದೂ, ಚಪ್ಪಲಿ ಬಿಟ್ಟು ಒಳಬಂದವರನ್ನು 'ನೆಂಟ'ರೆಂದೂ ಪರಿಗಣಿಸತಕ್ಕದ್ದು. ನೆಂಟರಿಗೆ ಮಾರುವುದು ಈ ಮನೆಯಲ್ಲಿ ಯಾರಿಂದಲೂ ಆಗದ ಕೆಲಸವೆಂದು ಸಾಬೀತಾಗಿರುವುದರಿಂದ, ಚಪ್ಪಲಿ ಬಿಡುವ ಮುನ್ನವೇ ಡಬ್ಬಿ ಕೈಗಿಡತಕ್ಕದ್ದು.

(ಅ) ಒಂದು ಚಪ್ಪಲಿ ಬಿಟ್ಟು ಒಂದು ಹಾಕಿಕೊಂಡವರು 'ಬೈಟು' ವರ್ಗಕ್ಕೆ ಸೇರುತ್ತಾರೆ. ಅರ್ಧ ಲೋಟ ಚಹಾ ಕೊಡಬಹುದು. ಕುರ್ಚಿ ಇಲ್ಲ.

(ಆ) ಲೇಸು ಕಟ್ಟುವ ಬೂಟಿನವರ ವಿಷಯದಲ್ಲಿ, ಅವರು ಬಗ್ಗಿದ ಕ್ಷಣದಿಂದ ಇಲಾಖೆಗೆ ಸುಮಾರು ಮೂವತ್ತು ಸೆಕೆಂಡುಗಳ ಕಾಲಾವಕಾಶ ದೊರೆಯುತ್ತದೆ. ಸದುಪಯೋಗಪಡಿಸಿಕೊಳ್ಳತಕ್ಕದ್ದು.

(ಇ) ಕಾಂಪೌಂಡ್ ಪಕ್ಕದಿಂದ ಬರಿಗಾಲಲ್ಲೇ ಬರುವ ಅಮೀನಾಬೀ ರವರನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಎರಡು ದಿನ ಚಿಂತಿಸಲಾಗಿ, 'ಇಲಾಖೆಯ ಹಿತೈಷಿ' ಎಂಬ ಹೊಸ ಹುದ್ದೆಯನ್ನು ಸೃಜಿಸಲಾಗಿದೆ. ಮುರಿದ ಬಿಸ್ಕತ್ತುಗಳಿಗೆ ಮಾತ್ರ ಅರ್ಹರು.

2. ಮಧ್ಯಾಹ್ನ 3.30ರಿಂದ 5.00ರವರೆಗೆ "ಬರ್ರಿ, ಕೂಡ್ರಿ" ಎಂಬ ನುಡಿಯನ್ನು ನಿಷೇಧಿಸಲಾಗಿದೆ. ಬುಧವಾರ ಗ್ಯಾಸ್ ಸಿಲಿಂಡರ್ ತಂದವರ ಮೇಲೆ ಇದರ ಪ್ರಾಯೋಗಿಕ ಜಾರಿಯಾಗಿದ್ದು, ಅಜ್ಜಿಯವರು ನಾಲ್ಕು ನಿಮಿಷ ತಡೆದುಕೊಂಡು, ನಂತರ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅಂದಿರುತ್ತಾರೆ. ಅವರ ವಯಸ್ಸನ್ನು ಪರಿಗಣಿಸಿ "ಬರ್ರಿ"ಗೆ ವಿನಾಯಿತಿ ನೀಡಲಾಗಿದೆ. "ಕೂಡ್ರಿ"ಗೆ ಇಲ್ಲ. ಮುನ್ನೆಚ್ಚರಿಕೆಯಾಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಮಹಡಿಗೆ ಸ್ಥಳಾಂತರಿಸಲಾಗಿದೆ.

3. 'ಖಾಲಿ ಚಾ' ಎಂಬುದು ವಸ್ತುಸ್ಥಿತಿಗೆ ದೂರವಾದ ಪದ. ಪರಿಶೀಲಿಸಲಾಗಿ, ಲೋಟದಲ್ಲಿ ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಮತ್ತು ಚಹಾಪುಡಿ ಕಂಡುಬಂದಿರುತ್ತವೆ. ಇನ್ನು ಮುಂದೆ ಸದರಿ ಪಾನೀಯವನ್ನು 'ತುಂಬಿದ ಚಾ' ಎಂದೇ ಕರೆಯತಕ್ಕದ್ದು.

4. ಮುರಿದ ಬಿಸ್ಕತ್ತನ್ನು ಮನೆಯವರು ತಿನ್ನಬಹುದೆಂದು ಈ ಹಿಂದೆ ಅನುಮತಿಸಲಾಗಿತ್ತು. ಅನುಮತಿ ನೀಡಿದ ಮರುದಿನದಿಂದ ಮುರಿಯುವ ಬಿಸ್ಕತ್ತುಗಳ ಸಂಖ್ಯೆ ಮೂರರಿಂದ ಹತ್ತೊಂಬತ್ತಕ್ಕೆ ಏರಿದೆ. ಅಜ್ಜಿಯವರಿಂದ ವಿವರಣೆ ಕೇಳಲಾಗಿ, "ನಾನ್ ಮುರೀಲಿಲ್ಲವ್ವಾ, ನನ್ನ ನೋಡಿ ಅದೇ ಮುರೀತು" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆ ನೀಡುವಾಗ ಬಾಯಲ್ಲಿ ಸದರಿ ಬಿಸ್ಕತ್ತು ಇತ್ತು. ಆದ್ದರಿಂದ ಬಿಸ್ಕತ್ತು ತಾನಾಗಿಯೇ ಮುರಿದುದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳು ಹಸಿದಿರಬಾರದು.

5. ಅದ್ದಿ ತಿನ್ನುವಾಗ ಚಹಾದೊಳಗೆ ಬಿದ್ದು ಕರಗಿದ ಬಿಸ್ಕತ್ತಿಗೆ ಬದಲಿ ನೀಡಲಾಗುವುದಿಲ್ಲ. ಲೋಟದ ತಳದಲ್ಲಿ ಬೆರಳಾಡಿಸುವುದು ಅವರವರ ವಿವೇಚನೆಗೆ ಬಿಟ್ಟದ್ದು.

6. ಹೊರಡುವಾಗ ಜನ "ಬರ್ತೀನ್ರಿ" ಎನ್ನುವುದು ರೂಢಿ. ಇದನ್ನು ಮುಂದಿನ ಆರ್ಡರ್ ಎಂದು ನಂಬಿ ಕೆಳಸಹಿದಾರರು ಎರಡು ತಟ್ಟೆ ಹೆಚ್ಚುವರಿ ಬೇಯಿಸಿದ್ದು, ಆ ಪ್ರಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

7. ಕೆಳಸಹಿದಾರರು ಫೋನಿನಲ್ಲಿ ಬಳಸಬಹುದಾದ "ಹೌದ್ರಿ"ಗಳ ಸಂಖ್ಯೆಯನ್ನು ಕರೆಯೊಂದಕ್ಕೆ ಒಂದಕ್ಕೆ ಮಿತಿಗೊಳಿಸಲಾಗಿದೆ. "ಅವನ್ನ ನೀವೇ ತಿಂದಿರಲ್ರಿ" ಎಂಬ ವಾಕ್ಯವನ್ನು ಕನ್ನಡಿಯ ಮುಂದೆ ಪ್ರತಿದಿನ ಐದು ಬಾರಿ ಅಭ್ಯಾಸ ಮಾಡತಕ್ಕದ್ದು. ನಿನ್ನೆಯ ಅಭ್ಯಾಸವು ಕನ್ನಡಿಗೆ "ಇರ್ಲಿ ಬಿಡ್ರಿ" ಎಂದು ಹೇಳುವುದರೊಂದಿಗೆ ಕೊನೆಗೊಂಡಿದೆ. ಪ್ರಗತಿ ನಿಧಾನ.

8. ಶನಿವಾರದ ನೂರೈವತ್ತು ಬಿಸ್ಕತ್ತುಗಳನ್ನು ಯಾರೂ ಒಯ್ಯಲು ಬರುವುದು ಬೇಡ. ಅವುಗಳನ್ನು ಮೂರು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಕೆಳಸಹಿದಾರರೇ ಖುದ್ದಾಗಿ ಬಸ್ಸಿನಲ್ಲಿ ಹರಿಹರಕ್ಕೆ ಒಯ್ಯುವುದೆಂದು ತೀರ್ಮಾನಿಸಲಾಗಿದೆ. ಈ ತೀರ್ಮಾನ ಕೈಗೊಂಡಾಗಿನಿಂದ ಕೆಳಸಹಿದಾರರು ಸದರಿ ಖಾಲಿ ಡಬ್ಬಿಗಳನ್ನು ನಾಲ್ಕು ಬಾರಿ ತೊಳೆದಿರುತ್ತಾರೆ.

ಷರಾ (ಶನಿವಾರ ಸಂಜೆ ಏಳಕ್ಕೆ, ಪ್ರತಿಗಳನ್ನು ಹಂಚುವ ಮುನ್ನ ಪೆನ್ನಿನಲ್ಲಿ ಸೇರಿಸಿದ್ದು):

ಡಬ್ಬಿಗಳು ಮೂರು ಗಂಟೆ ನಲವತ್ತಕ್ಕೆ ಹರಿಹರ ತಲುಪಿದವು. ಮೈಲಾರಲಿಂಗಪ್ಪ ರವರು, "ಎಣಿಸೋದೇನ್ ಬ್ಯಾಡವ್ವಾ, ನಂಬಿಕೆ ಐತೆ" ಎಂದರು. ಅದಕ್ಕೆ ಕೆಳಸಹಿದಾರರು, "ಇಲ್ರಿ, ಎಣಿಸ್ತೀನಿ" ಎಂದರು. ಈ ಕಚೇರಿಯ ಬಾಯಿಂದ ಎದುರುತ್ತರ ಹೊರಟ ಮೊದಲ ಪ್ರಕರಣ ಇದಾಗಿದ್ದು, ಕಚೇರಿಯೇ ಬೆಚ್ಚಿಬಿದ್ದಿದೆ. ಹೊಲಿಗೆ ಕಲಿತ ಅರವತ್ತು ಹೆಂಗಸರ ಎದುರು, ಒಂದರಿಂದ ಆರಂಭಿಸಿ, ಜೋರಾಗಿ ಎಣಿಸಲಾಯಿತು. ಇಪ್ಪತ್ತರವರೆಗೆ ಕಣ್ಣು ಡಬ್ಬಿಯಿಂದ ಮೇಲೇಳಲಿಲ್ಲ. ತೊಂಬತ್ತರ ಸುಮಾರಿಗೆ ಮುಂದಿನ ಸಾಲಿನವರು ತಾವೂ ದನಿಗೂಡಿಸಿದರು. ನೂರ ನಲವತ್ತರ ನಂತರ ಯಾರ ದನಿ ಯಾವುದೆಂದು ತಿಳಿಯಲಿಲ್ಲ. ನೂರೈವತ್ತು ಎಂದಾಗ ಚಪ್ಪಾಳೆ ಬಿತ್ತು. ಪ್ರಮಾಣಪತ್ರಗಳಿಗೆ ಅಷ್ಟು ಬೀಳಲಿಲ್ಲ.

ಅಪ್ಪನವರಿಗೆ ಫೋನ್ ಮಾಡಿ "ಪೂರ್ತಿ" ಎಂದು ವರದಿ ಸಲ್ಲಿಸಲಾಗಿದೆ. "ಹ್ಞೂಂ. ನಮಗೇನಾರ ಉಳಿಸೀಯ?" ಎಂಬ ಉತ್ತರವನ್ನು ಅನುಮೋದನೆಯೆಂದು ಭಾವಿಸಲಾಗಿದೆ.

ಸಹಿ/-
(ಸುಷ್ಮಾ ಯು., ಬಿ.ಎ.)
ಬೇಯಿಸುವ, ಕಟ್ಟುವ ಹಾಗೂ ಒಯ್ಯುವ ಅಧಿಕಾರಿ

ಪ್ರತಿಗಳು:
1. ಶ್ರೀಮತಿ ಅಂಜಿನವ್ವ: ಓದಿ ಹೇಳತಕ್ಕದ್ದು. ಓದುವವರು ನಡುವೆ ನಗಬಾರದು.
2. ಶ್ರೀಮತಿ ಪ್ರೇಮಲತಾ: ಕಟ್ಟುನಿಟ್ಟಿನ ಪಾಲನೆಗಾಗಿ. ಈ ಹಾಳೆಯಲ್ಲಿ ಕರಿಬೇವು ಸುತ್ತಿಡಬಾರದು.
3. ಶ್ರೀ ಉಚ್ಚೆಂಗಪ್ಪ: ನಾಲ್ಕು ಬಿಸ್ಕತ್ತುಗಳೊಂದಿಗೆ.
4. ಶ್ರೀಮತಿ ಅಮೀನಾಬೀ: ಕಾಂಪೌಂಡ್ ಗೋಡೆಯ ಮೇಲಿಂದ.
5. ಶ್ರೀ ಮೈಲಾರಲಿಂಗಪ್ಪ, ಹರಿಹರ: ಇವರಿಗೆ ಯಾವ ಕಾರಣಕ್ಕೂ ಕಳುಹಿಸಬಾರದು.
6. ವ್ಯವಸ್ಥಾಪಕರು, ಅಕ್ಕಿ ಗಿರಣಿ ಕಚೇರಿ, ಮಲೆಬೆನ್ನೂರು: ಮಾಹಿತಿಗಾಗಿ. ಕುರ್ಚಿಯನ್ನು ಬೇರೆಯವರಿಗೆ ಕೊಡಬಹುದು.