ಕರ್ತವ್ಯದಿಂದ ಬಿಡುಗಡೆ

ವಿಶ್ವನಾಥಪ್ಪನವರ ಆ ದಿನದ ಫಜೀತಿಗೆಲ್ಲ ಕಾರಣ ಒಂದೇ ಒಂದು ಪದ. ನಾಸಿಕ್ ರೋಡಿನಲ್ಲಿದ್ದ ಅವರ ಕೇಂದ್ರ ಸರ್ಕಾರಿ ಕಚೇರಿಯ ನೋಟೀಸು ಬೋರ್ಡಿನ ಮೇಲೆ ಅದು ಎರಡು ಸಲ ಬಂದಿತ್ತು. ಇಪ್ಪತ್ತಾರನೆಯ ನವೆಂಬರ್, ಸಂವಿಧಾನ ದಿನ. "ನಾಗರಿಕಾಂಚೀ ಮೂಲಭೂತ ಕರ್ತವ್ಯೇ ಕಾಯದ್ಯಾನೇ ಬಂಧನಕಾರಕ ಅಸಾವೀತ ಕಾ?" ಎಂದು ಮೇಲೆ. "ಚಾರ ವಾಜತಾ ಸಭಾಗೃಹಾತ. ಸರ್ವಾಂಚೀ ಉಪಸ್ಥಿತೀ ಬಂಧನಕಾರಕ" ಎಂದು ಕೆಳಗೆ.

ಗದಗಿನಿಂದ ವರ್ಗವಾಗಿ ಬಂದು ಮೂರು ವರ್ಷವಾದರೂ ವಿಶ್ವನಾಥಪ್ಪನವರು ಹರಕು ಮುರುಕು ಹಿಂದಿಯಲ್ಲೇ ದಿನ ದೂಡಿದವರು. ಮರಾಠಿ ಎದುರಾದರೆ ಗೊತ್ತಿರುವ ಪದಗಳನ್ನು ಹೆಕ್ಕಿಕೊಂಡು ಉಳಿದದ್ದನ್ನು ಊಹಿಸುತ್ತಿದ್ದರು. ಇಲ್ಲಿಯೂ ಹೆಕ್ಕಿದರು. ನಾಗರಿಕ ಗೊತ್ತು, ಕರ್ತವ್ಯ ಗೊತ್ತು, ಕಾಯದೆ ಗೊತ್ತು. ಬಂಧನ ಯಾರಿಗೆ ಗೊತ್ತಿಲ್ಲ? ಕರ್ತವ್ಯ ಮಾಡದವರಿಗೆ ಕಾಯದೆಯ ಪ್ರಕಾರ ಬಂಧನ. ನಾಲ್ಕು ಗಂಟೆಗೆ ಸಭಾಗೃಹದಲ್ಲಿ ಸಿಕ್ಕವರಿಗೆಲ್ಲ ಬಂಧನ.

ಪಕ್ಕದ ಮೇಜಿನ ಯಶವಂತ ಚಹಾ ಕುಡಿಯುತ್ತಿದ್ದ. ಬಂಧನಕಾರಕ ಎಂದು ಬರೆದದ್ದು ನಿಜವೇ ಎಂದು ಅವನನ್ನು ಹಿಂದಿಯಲ್ಲಿ ಕೇಳಿದರು.

"ಏಕದಮ್ ಬಂಧನಕಾರಕ, ಭಾವು!" ಎಂದ ಯಶವಂತ. "ಸಾಹೇಬ್ ಆಜ್ ಕಿಸೀ ಕೋ ನಹೀ ಛೋಡೇಂಗೇ."

ಸಾಹೇಬರು ಯಾರನ್ನೂ ಬಿಡುವುದಿಲ್ಲ! ಅಂಥದರಲ್ಲಿ ಈ ಮನುಷ್ಯ ಚಹಾ ಹೇಗೆ ಕುಡಿಯುತ್ತಾನೆ ಎಂದು ವಿಶ್ವನಾಥಪ್ಪನವರಿಗೆ ಆಶ್ಚರ್ಯವಾಯಿತು.

ಅವರ ಹೆದರಿಕೆಗೆ ಕಾರಣವಿತ್ತು. ಹೆಂಡತಿ ಅಶ್ವಿನಿ ಗದಗಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ಐದು ವರ್ಷದ ಮಗಳು ಶರ್ವಾಣಿ ಅಪ್ಪನನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚಾಗಿ, ಅವರನ್ನು "ಫೋನ್ ಪಪ್ಪಾ" ಎನ್ನುತ್ತಿದ್ದಳು. ಗದಗಿಗೆ ವಾಪಸು ವರ್ಗ ಬೇಡಿದ ಅರ್ಜಿ ಔರಂಗಾಬಾದಿನ ವಿಭಾಗೀಯ ಕಚೇರಿಯಲ್ಲಿತ್ತು. ಹೆಸರಿನ ಮುಂದೆ ಒಂದು ಪೊಲೀಸ್ ಕೇಸು ಬಿದ್ದರೆ ಆ ಅರ್ಜಿ ಅಲ್ಲಿಗೇ ಮುಗಿಯಿತು.

ಸರ್ಕಾರಿ ಡೈರಿಯ ಕೊನೆಯ ಪುಟಗಳಲ್ಲಿ ಹನ್ನೊಂದು ಕರ್ತವ್ಯಗಳನ್ನೂ ಅಚ್ಚು ಹಾಕಿದ್ದರು. ಅಷ್ಟು ವರ್ಷ ಅವರು ಆ ಪುಟದ ಮೇಲೆ ಹಾಲಿನ ಲೆಕ್ಕ ಬರೆದಿದ್ದರು. ಈಗ ಓದಿದರು. ಸಂಜೆಯೊಳಗೆ ಎರಡು ಮೂರನ್ನಾದರೂ ಮಾಡಿ ತೋರಿಸಿದರೆ ಹಿಡಿಯಲು ಬಂದವರಿಗೆ ಹೇಳಲು ಬಾಯಿರುತ್ತದೆ. ಊಟದ ಬಿಡುವಿನಲ್ಲಿ ಫೋನು ಬಂದ್ ಮಾಡಿ, ಡೈರಿಯನ್ನು ಕಂಕುಳಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಜಾರಿಕೊಂಡರು.

ಹತ್ತಿರದಲ್ಲಿ ಸಿಕ್ಕಿದ್ದು ಎಂಟನೆಯ ಕರ್ತವ್ಯ, ವೈಜ್ಞಾನಿಕ ಮನೋಭಾವ. ಅವರು ಬಾಡಿಗೆಗಿದ್ದ ಮನೆಯ ತಲೆಬಾಗಿಲಿಗೆ ಮಾಲಕಿ ಚನಬಸವ್ವ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿದ್ದರು. ವಿಶ್ವನಾಥಪ್ಪನವರು ಸ್ಟೂಲು ಹತ್ತಿ ಅದನ್ನು ಕಿತ್ತರು. ಕೆಳಗಿಳಿಯುವಷ್ಟರಲ್ಲಿ ಬೀದರಿನ ಆ ಗಟ್ಟಿಗಿತ್ತಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಿದ್ದರು.

"ಏನ್ ಮಾಡ್ಲಾಕತ್ತೀರಿ ಅಪ್ಪಾರೆ? ನಮ್ಮ ಮನಿಗಿ ದೃಷ್ಟಿ ತಾಗ್ಲಿ ಅಂತೀರೇನು?"

"ಇಲ್ರಿ ಅವ್ವಾರ, ಇದು ಮೂಢನಂಬಿಕಿ. ಸಂವಿಧಾನದಾಗ ಎಂಟನೇದು ನೋಡ್ರಿ..."

"ಸಂವಿಧಾನ ಬರೋಕಿಂತ ಮೊದಲಿಂದ ನಮ್ಮತ್ತಿ, ಅವರತ್ತಿ ಕಟ್ಕೋತ ಬಂದಾರ್ರಿ! ಹಿರ್ಯಾರ ಪದ್ಧತಿ ಕೀಳ್ಲಾಕ ನಿಮಗ್ಯಾರು ಹೇಳ್ಯಾರ?"

ವಿಶ್ವನಾಥಪ್ಪನವರು ಡೈರಿ ನೋಡಿದರು. ಆರನೆಯದರಲ್ಲಿ ಪರಂಪರೆಯನ್ನು ಕಾಪಾಡತಕ್ಕದ್ದು ಎಂದಿತ್ತು. ಎಂಟನೆಯದನ್ನು ಮಾಡಲು ಹೋಗಿ ಆರನೆಯದನ್ನು ಮುರಿದಂತಾಯಿತು. ಸ್ಟೂಲು ಹತ್ತಿ ಸರವನ್ನು ಮತ್ತೆ ಕಟ್ಟಿದರು. ಚನಬಸವ್ವ ಕೆಳಗೆ ನಿಂತು ಗಂಟು ಸರಿಯಾಗಿ ಬಿತ್ತೇ ಎಂದು ನೋಡಿಕೊಂಡರು.

ಏಳನೆಯದು ನದಿಗಳ ರಕ್ಷಣೆ. ಅದಕ್ಕೆ ಯಾರೂ ಅಡ್ಡ ಬರಲಾರರು ಎಂದುಕೊಂಡು ಶೇರ್ ಆಟೋ ಹಿಡಿದು ದಸಕ್ ಘಾಟಿಗೆ ಹೋದರು. ಕುಂಭಮೇಳ ಮುಗಿದು ಎರಡು ತಿಂಗಳಾಗಿತ್ತು. ಕಾರಿನಿಂದಿಳಿದವನೊಬ್ಬ ಬಾಡಿದ ಹೂವಿನ ಮಾಲೆಗಳ ಪ್ಲಾಸ್ಟಿಕ್ ಚೀಲವನ್ನು ಗೋದಾವರಿಗೆ ಬೀಸಿ ಒಗೆದು, ಕೈಮುಗಿದು ಹೊರಟುಹೋದ. ವಿಶ್ವನಾಥಪ್ಪನವರು ಬೂಟು ಕಳಚಿ ಮೊಣಕಾಲುದ್ದ ನೀರಿಗಿಳಿದು ಚೀಲವನ್ನು ಹಿಡಿದೆತ್ತಿದರು. ಎಷ್ಟೋ ದಿನಗಳ ಮೇಲೆ ಅವರಿಗೆ ತಾನೊಬ್ಬ ಮನುಷ್ಯ ಅನ್ನಿಸಿತು. ಅಷ್ಟರಲ್ಲಿ ದಂಡೆಯಿಂದ ಸೀಟಿ ಕೇಳಿತು. ಹವಾಲ್ದಾರ.

"ಗೋದಾಮಾಯೀತ ಕಚರಾ ಟಾಕತೋಸ?"

"ಟಾಕತಾ ನಹೀ ಸಾಬ್, ನಿಕಾಲತಾ ಹೂಂ!" ಹಾಕುತ್ತಿಲ್ಲ, ತೆಗೆಯುತ್ತಿದ್ದೇನೆ.

ಹವಾಲ್ದಾರ ಮನಸಾರೆ ನಕ್ಕ. ಇಪ್ಪತ್ತು ವರ್ಷದ ನೌಕರಿಯಲ್ಲಿ ನದಿಗೆ ಕಸ ಹಾಕುವವರನ್ನು ಸಾವಿರ ಜನ ನೋಡಿದ್ದೇನೆ, ತೆಗೆಯುವವನನ್ನು ಒಬ್ಬನನ್ನೂ ನೋಡಿಲ್ಲ, ಸುಳ್ಳನ್ನಾದರೂ ನಂಬುವಂತೆ ಹೇಳು ಎಂದ. ಅವನದೂ ತಪ್ಪೆನ್ನುವಂತಿಲ್ಲ. ಹೇಳದೆ ಕೇಳದೆ ಕರ್ತವ್ಯ ಮಾಡಹೊರಟವನನ್ನು ಈ ದೇಶ ಕಳ್ಳನಿಗಿಂತ ಹೆಚ್ಚಿನ ಅನುಮಾನದಿಂದ ನೋಡುತ್ತದೆ.

ಠಾಣೆಯ ಬೆಂಚಿನ ಮೇಲೆ ಒದ್ದೆ ಪ್ಯಾಂಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಊರಿನ ಪರಿಚಯಸ್ಥರೊಬ್ಬರನ್ನು ಕರೆಸಿದರೆ ನೋಡೋಣ ಎಂದ ಹವಾಲ್ದಾರ. ಕಚೇರಿಯವರನ್ನು ಕರೆಯುವ ಧೈರ್ಯವಿಲ್ಲದೆ, ಬಂದ್ ಮಾಡಿದ ತಮ್ಮ ಫೋನನ್ನೂ ಮುಟ್ಟದೆ, ಠಾಣೆಯ ಫೋನಿನಿಂದ ಚನಬಸವ್ವನಿಗೆ ಕರೆ ಮಾಡಿದರು. ಗಡಿಯಾರ ನಾಲ್ಕು ಹೊಡೆದಾಗ, ಪಾಪ, ಯಶವಂತನನ್ನೂ ಈಗ ಹಿಡಿದಿರುತ್ತಾರೆ ಎಂದು ಮರುಗಿದರು.

ಚನಬಸವ್ವ ಬಂದವರೇ ಹವಾಲ್ದಾರನಿಗೆ ಮರಾಠಿಯಲ್ಲಿ ಚೆನ್ನಾಗಿ ಜಾಡಿಸಿದರು. ನಿಂಬೆಹಣ್ಣು ಕಿತ್ತು ತಾನೇ ಮತ್ತೆ ಕಟ್ಟಿಕೊಟ್ಟ ಮನುಷ್ಯ, ಇವನಿಗೆ ತಪ್ಪು ಮಾಡುವ ಶಕ್ತಿಯೇ ಇಲ್ಲ ಎಂಬುದು ಅವರ ವಾದ. ಹವಾಲ್ದಾರನಿಗೂ ಅದು ಸರಿಯೆನ್ನಿಸಿತು. ಹೊರಗೆ ಬಂದ ಮೇಲೆ ವಿಶ್ವನಾಥಪ್ಪನವರು ನೋಟೀಸಿನ ಕತೆ ಹೇಳಿದರು.

ಚನಬಸವ್ವ ನಡುರಸ್ತೆಯಲ್ಲಿ ಹಣೆ ಚಚ್ಚಿಕೊಂಡರು. "ಅಯ್ಯ ಶಾಣ್ಯಾ! ಬಂಧನಕಾರಕ ಅಂದ್ರ ಹಿಡ್ದು ಒಳಗ ಹಾಕೋದಲ್ರಿ. ಕಡ್ಡಾಯ ಅಂತ ಅರ್ಥ! ಕರ್ತವ್ಯ ಕಡ್ಡಾಯ ಮಾಡ್ಬೇಕೇನು ಅಂತ ಚರ್ಚಾ ಇಟ್ಟಾರ. ಎಲ್ಲರೂ ತಪ್ಪದೇ ಬರ್ರಿ ಅಂತ ಬರ್ದಾರ."

"ಹಂಗಾದ್ರ ಹೆಲ್ಮೆಟ್ ಬಂಧನಕಾರಕ ಅಂತ ರೋಡಿನ್ಯಾಗ ಬರದದ್ದು?"

"ಅದೂ ಹಂಗೇ ರೀ."

"ಹೆಲ್ಮೆಟ್ ಹಾಕ್ಕೊಂಡ್ರ ಹಿಡೀತಾರಂತ ಮೂರು ವರ್ಷದಿಂದ ನಾ ಗಾಡೀನೇ ಮುಟ್ಟಿಲ್ರಿ ಅವ್ವಾರ," ಎಂದರು ವಿಶ್ವನಾಥಪ್ಪ. ಹೇಳುತ್ತಿದ್ದಂತೆ ಅವರಿಗೇ ನಗು ಬಂತು. ಕೇಸಿಲ್ಲ, ಬಂಧನವಿಲ್ಲ, ಅರ್ಜಿಗೆ ಕುತ್ತಿಲ್ಲ. ನಗುತ್ತಲೇ ಆಟೋ ಹತ್ತಿದರು.

ಕಚೇರಿ ಮುಟ್ಟಿದಾಗ ಐದೂವರೆ. ಸಭೆ ಮುಗಿದು ಖಾಲಿ ತಟ್ಟೆಗಳು ಉಳಿದಿದ್ದವು. ಯಶವಂತ ಯಾವುದೋ ರಿಜಿಸ್ಟರು ಬರೆಯುತ್ತಿದ್ದ. ಮಂಗಳೂರಿನ ಕಡೆಯವರಾದ ಸಾಹೇಬ ಮೋಹನದಾಸರು ಒದ್ದೆ ಪ್ಯಾಂಟನ್ನು ನೋಡಿದರು.

"ಎಂತ ಮಾರಾಯ್ರೇ, ಎಲ್ಲಿಗೆ ಹೋದದ್ದು ನೀವು? ಫೋನು ಸಹ ಬಂದ್! ನಿಮ್ಮ ಟ್ರಾನ್ಸ್‌ಫರ್ ಆರ್ಡರ್ ಮೂರೂವರೆಗೆ ಔರಂಗಾಬಾದಿನಿಂದ ಬಂತು. ಸಭೆಯಲ್ಲೇ ಹಾರ ಹಾಕಿ ಕೊಡುವಾ ಅಂತ ಕಾದೆವು."

"ಗದಗಿಗೇನ್ರಿ ಸರ್?"

"ಗದಗಿಗೇ."

ವಿಶ್ವನಾಥಪ್ಪನವರ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿದರು. ಮೋಹನದಾಸರು ಕಾಗದವನ್ನು ಕೊಡಲಿಲ್ಲ.

"ಸ್ವಲ್ಪ ಕೂತುಕೊಳ್ಳಿ. ಚರ್ಚೆ ಭಾರೀ ಲಾಯ್ಕಾಯಿತು. ಕರ್ತವ್ಯವನ್ನು ಕಾನೂನಿನಿಂದ ಹೇರಬಾರದು, ನಾಗರಿಕರು ತಾವಾಗಿ ಮುಂದೆ ಬರಬೇಕು ಅಂತ ಎಲ್ಲರೂ ಒಪ್ಪಿದರು. ಮತ್ತೆ, ಅದನ್ನು ನೋಡಿಕೊಳ್ಳಲಿಕ್ಕೆ ಮೂರು ವರ್ಷಕ್ಕೆ ಒಬ್ಬ ಕರ್ತವ್ಯ ಅಧಿಕಾರಿ ಬೇಕಿತ್ತು. ಒಬ್ಬರಿಗೆ ಬಿಪಿ, ಒಬ್ಬರಿಗೆ ಮಗಳ ಮದುವೆ, ಯಶವಂತನಿಗೆ ಬೆನ್ನುನೋವು. ಒಲ್ಲೆ ಅನ್ನದವರು ನೀವೊಬ್ಬರೇ."

"ಸರ್, ನಾ ಅಲ್ಲಿ ಇರಲೇ ಇಲ್ಲಲ್ರಿ!"

"ಅದೇ ಹೇಳುವುದು. ನಿಮ್ಮದು ವಿರೋಧ ಇರಲಿಲ್ಲ."

ಔರಂಗಾಬಾದಿಗೆ ಉತ್ತರ ಆಗಲೇ ಹೋಗಿತ್ತು. ವಿಶ್ವನಾಥಪ್ಪನವರು ಪ್ರತಿಯನ್ನು ಎರಡು ಸಲ ಓದಿದರು. ಈ ಸಲ ಅರ್ಥದಲ್ಲಿ ಅನುಮಾನವೇನೂ ಇರಲಿಲ್ಲ. ಸದರಿ ನೌಕರರು ಸ್ವಇಚ್ಛೆಯಿಂದ ಈ ಹೊಣೆ ಹೊತ್ತಿರುವುದರಿಂದ ಮೂರು ವರ್ಷಗಳವರೆಗೆ ಅವರನ್ನು ಇಲ್ಲಿನ ಕರ್ತವ್ಯದಿಂದ ಬಿಡುಗಡೆ ಮಾಡಲಾಗದು. ಪೊಲೀಸರು ಒಂದು ಮಾತಿಗೆ ಬಿಟ್ಟಿದ್ದರು.

ಫೋನು ಚಾಲೂ ಮಾಡಿದರು. ಮಾಡಿದ್ದೇ ತಡ, ಅದು ಹೊಡೆದುಕೊಂಡಿತು.

"ಯಶವಂತ ಅನ್ನೋರು ನಾಕು ಗಂಟೇಕ ಫೋನ್ ಮಾಡಿದ್ರು ರೀ! ಆರ್ಡರ್ ಬಂದೈತಂತ!" ಅಶ್ವಿನಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಓಣಿಗೆಲ್ಲ ಸಕ್ಕರಿ ಹಂಚಿ ಬಂದೆ. ಶರ್ವಾಣಿ ಈಗಿಂದನ ಬಾಗಲದಾಗ ಕುಂತಾಳ, ಏಳಂದ್ರ ಏಳವಲ್ಲಳು. ಯಾವಾಗ ಬರ್ತೀರಿ?"

ಯಶವಂತ ರಿಜಿಸ್ಟರನ್ನು ಮುಂದೆ ಹಿಡಿದು, ಕರ್ತವ್ಯ ಅಧಿಕಾರಿ ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿದ. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ.

"ಈಗ ಡ್ಯೂಟಿ ಮ್ಯಾಲೆ ಅದೀನಿ," ಎಂದರು ವಿಶ್ವನಾಥಪ್ಪ. "ಅಕಿಗೆ ಒಳಗ ಕರಕೋ."