ಹಳೆ ಹೊಲಿಗೆಯ ಮೇಲೆಯೇ ಮತ್ತೆ ಬಂದು ಕೂತ ಗಡ್ಡೆಯವರಿಗೆ

ನನ್ನ ಬಲ ಮುಂಗೈ ಮೇಲೆ ಎರಡನೇ ಬಾರಿ ದಯಮಾಡಿಸಿರುವ ಮಾನ್ಯ ಕ್ಯಾನ್ಸರ್ ಗಡ್ಡೆಯವರೇ, ಬನಶಂಕರಿಯಿಂದ ಶಂಭುಲಿಂಗಪ್ಪ ಮಾಡುವ ಸವಿನಯ ವಂದನೆಗಳು.

ಹೋದ ವರ್ಷದ ಆಪರೇಷನ್ನಿನಲ್ಲಿ ಒಪ್ಪಿದ್ದು ಇಷ್ಟು: ತಮ್ಮನ್ನು ಸುತ್ತಲಿನ ಚರ್ಮದ ಸಮೇತ ತೆಗೆಯುವುದು, ತೆಗೆದರು. ಮೂರು ತಿಂಗಳಿಗೊಮ್ಮೆ ನಾನು ಹೋಗಿ ಕೈ ತೋರಿಸುವುದು, ಒಪ್ಪಿದೆ. ತಾವು ಮತ್ತೆ ಬರುವುದಿಲ್ಲವೆಂಬ ಭರವಸೆ ಕೇಳಿದೆ. ಡಾಕ್ಟರ್ ಮೇಘಶ್ರೀ ಕೊಡಲಿಲ್ಲ. "ಈ ಗಡ್ಡೆ ತರೋ ವೈರಸ್ಸು ತುಂಬಾ ಜನರ ಚರ್ಮದಲ್ಲಿ ಸುಮ್ನೆ ಇರುತ್ತೆ ಸಾರ್, ನಿಮ್ಮಲ್ಲಿ ತಿರುಗಿಬಿದ್ದಿದೆ. ತೆಗೆದ ಜಾಗದಲ್ಲೇ ಮತ್ತೆ ಏಳಬಹುದು" ಎಂದರು. ಬರವಣಿಗೆಯಲ್ಲಿ ಕೊಡಿ ಎಂದೆ. ಕೊಟ್ಟರು, ಏಳಬಹುದು ಎಂದೇ.

ಒಪ್ಪಂದವಾಯಿತೆಂದು ಮನೆಗೆ ಹೋಗಿ ಮಲಗಬೇಡಿ, ದಿನಾ ಗೇಟಿಗೆ ಬಂದು ನೋಡುತ್ತಿರಿ ಎಂದು ಬೊಮ್ಮನಹಳ್ಳಿಯ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಮೂವತ್ತು ವರ್ಷ ಮೈಕಿನಲ್ಲಿ ಕಿರುಚಿದ ಈ ಮಹಾಶಯ, ತನ್ನ ಎರಡು ತಪಾಸಣೆಗಳಿಗೂ ಹೋಗಲಿಲ್ಲ. ಎರಡೂ ದಿನ ಧರಣಿ ಕೂತಿದ್ದೆ. ಬೇಡಿಕೆ: ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ತಪಾಸಣೆ.

ತಮ್ಮ ಸಂಘಟನಾ ಶಕ್ತಿಗೆ ಕೈ ಮುಗಿಯುತ್ತೇನೆ, ತಾವಿರುವ ಕೈಯನ್ನೂ ಸೇರಿಸಿ. ನೋವಿಲ್ಲ, ಗದ್ದಲವಿಲ್ಲ, ಒಂದು ಕರಪತ್ರವೂ ಇಲ್ಲ. ಒಕ್ಕಲೆಬ್ಬಿಸಿದ ಜಾಗಕ್ಕೇ ಮರಳಿ ಬಂದು ಕೂರಬೇಕೆಂದು ನಾನು ಜನರಿಗೆ ಜೀವಮಾನವಿಡೀ ಕಲಿಸಿದೆ. ಪೂರ್ತಿ ಕಲಿತವರು ತಾವೊಬ್ಬರೇ.

ಹೋದ ವಾರ ಘೋಷಣೆಗೆಂದು ಮುಷ್ಟಿ ಎತ್ತಿದಾಗ ಅಂಗಿಯ ತೋಳು ಜಾರಿತು. ಮುಂದಿನ ಸಾಲಿನಲ್ಲಿದ್ದ ಟೈಲರ್ ಸೌಮ್ಯ, "ಅಣ್ಣಾ, ಕೈ ಇಳಿಸ್ಬೇಡಿ! ಏನದು ಕೆಂಪು ಗಂಟು, ಹೊಲಿಗೆ ಮೇಲೇ ಎದ್ದೈತೆ?" ಎಂದಳು. ಸೊಳ್ಳೆ ಕಚ್ಚಿದ್ದು ಎಂದೆ. "ನಮಗೆ ಜ್ವರ ಬಂದ್ರೆ ನಾಟಕ ಅಂತಾನಲ್ಲ ಸೂಪರ್‌ವೈಸರ್, ಥೇಟ್ ಅವ್ನ ಥರಾನೇ ಮಾತಾಡ್ತೀರ" ಎನ್ನುತ್ತಾ ಆಟೋ ನಿಲ್ಲಿಸಿದಳು. ಡಾಕ್ಟರ್ ಪರೀಕ್ಷೆಗೆ ಕಳಿಸಿದ ಗಂಟಿನ ಚೂರು, ಬಂದಿರುವುದು ತಾವೇ ಎಂದು ಹೇಳಿತು.

ಒಂದೇ ವಿನಂತಿ: ದಯವಿಟ್ಟು ಕಂಕುಳಿನ ಕಡೆಗೆ ಮೆರವಣಿಗೆ ಹೊರಡಬೇಡಿ. ಹೊರಟಾಗಿದ್ದರೆ ಅರ್ಧ ದಾರಿಯಿಂದ ಹಿಂತಿರುಗಿ. ಪೊಲೀಸರು ತಡೆದಲ್ಲೆಲ್ಲ ನಾವೂ ಹಿಂತಿರುಗಿದ್ದೇವೆ, ಅದರಲ್ಲಿ ಅವಮಾನವೇನಿಲ್ಲ. ಎಲ್ಲಿಯವರೆಗೆ ಹೋಗಿದ್ದೀರೆಂದು ಬುಧವಾರದ ಸ್ಕ್ಯಾನ್ ಹೇಳುತ್ತದೆ. ಅದೊಂದಕ್ಕೆ ಮಾತ್ರ ನನಗೆ ನಿಜವಾಗಿ ಭಯ.

ತಾವು ಹೋದಿರೆಂದು ನಂಬಿ ಕೆಟ್ಟ ವಿಶ್ವಾಸಿ,
ಶಂಭುಲಿಂಗಪ್ಪ

ಮರೆತ ಮಾತು: ತಮ್ಮನ್ನು ಮತ್ತೆ ತೆಗೆಯುವ ದಿನ ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕಂತೆ, ಉಪವಾಸ ನನಗೆ ಹೊಸದಲ್ಲ. ಸೌಮ್ಯ ರಜೆ ಹಾಕಿ ಜೊತೆಗೆ ಬರುತ್ತಾಳೆ, ಧರಣಿಯ ನೆಪ ಅವಳ ಮುಂದೆ ನಡೆಯದು. ತಾವಂತೂ ಗೈರುಹಾಜರಾಗುವವರಲ್ಲ, ಈ ಸಲ ನಾನೂ ಆಗುವುದಿಲ್ಲ. ಮುಂದಿನ ಸಭೆ ಜಯನಗರದ ಆಸ್ಪತ್ರೆಯ ಮೂರನೇ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ, ಗುರುವಾರ, ಬೆಳಿಗ್ಗೆ ಎಂಟೂವರೆಗೆ.