ಹಾರುವ ಹೀರೋಗಳೂ ನೆನೆಯುವ ಅಕ್ಕಿಯೂ

ಎರಡು ಟಿಕೆಟು, ಒಂದು ಬಕೆಟ್ ಪಾಪ್‌ಕಾರ್ನ್ ಮತ್ತು ಮೂವತ್ತೊಂದು ವರ್ಷಗಳ ಅಧಿಕಾರ. ಒಂದು ಸಿನೆಮಾ ಓಡುತ್ತದೋ ಇಲ್ಲವೋ ಎಂದು ಹೇಳಲು ಹೋಗಿ ನಾನು ತೆತ್ತ ಬೆಲೆ ಇಷ್ಟು. ಟಿಕೆಟಿಗೆ ಬೆಳಗಿನ ಆಟದ ರಿಯಾಯಿತಿ ಸಿಕ್ಕಿತು. ಪಾಪ್‌ಕಾರ್ನ್‌ನವನ ಹತ್ತಿರ ಐದು ನಿಮಿಷ ಚೌಕಾಸಿ ಮಾಡಿ ಒಂದು ನೀರಿನ ಬಾಟಲಿಯನ್ನು ಪುಕ್ಕಟೆ ಪಡೆದೆ. ನನ್ನ ಹಿಂದೆ ಸಾಲಿನಲ್ಲಿ ನಿಂತವರೇ ನನ್ನ ಪರವಾಗಿ "ದೇ ದೋ ಯಾರ್" ಎಂದು ಅವನಿಗೆ ಶಿಫಾರಸು ಮಾಡಿದರು. ಅಧಿಕಾರದ ವಿಷಯದಲ್ಲಿ ಮಾತ್ರ ಒಂದು ಕಾಸಿನ ರಿಯಾಯಿತಿಯೂ ಸಿಗಲಿಲ್ಲ. ಏಕೆಂದರೆ ಆ ವ್ಯಾಪಾರದಲ್ಲಿ ಎದುರು ಕೂತವಳು ನನ್ನ ಮಗಳು. ಚೌಕಾಸಿಯನ್ನು ಅವಳು ನನ್ನ ಮಡಿಲಲ್ಲಿ ಕೂತು ಕಲಿತವಳು.

ಯಾವ ಅಧಿಕಾರ ಎಂದು ಹೇಳಿಬಿಡುತ್ತೇನೆ. ಕಾಂದಿವಲಿ ಸ್ಟೇಶನ್ನಿನಿಂದ ಏಳೆಂಟು ನಿಮಿಷ ನಡೆದರೆ ನನ್ನದೊಂದು ಹೊಟೇಲು ಸಿಗುತ್ತದೆ. ಹನ್ನೊಂದು ಮೇಜು, ಒಂದು ಗಲ್ಲಾ, ಒಬ್ಬರು ಅಡುಗೆಯ ಭಟ್ಟರು. ನಮ್ಮ ಉಡುಪಿ ಕಡೆಯವರ ಹೊಟೇಲುಗಳಲ್ಲಿ ಯಜಮಾನ ಯಾರೆಂದು ತಿಳಿಯಲು ಗೋಡೆಯ ಮೇಲಿನ ಲೈಸೆನ್ಸ್ ಓದಬೇಕಾಗಿಲ್ಲ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಭಟ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ನಾಳೆಗೆ ಎಷ್ಟು ನೆನೆಸುದು?" ಎಂದು ಯಾರ ಮುಖ ನೋಡುತ್ತಾರೋ ಅವನೇ ಯಜಮಾನ. ಇದಕ್ಕೆ ನಮ್ಮಲ್ಲಿ 'ಅಕ್ಕಿಯ ಮಾತು' ಎನ್ನುತ್ತೇವೆ. ಮಧ್ಯಾಹ್ನ ನೆನೆಸಿದ ಅಕ್ಕಿಯನ್ನು ಸಂಜೆ ಅರೆದು ಇಟ್ಟರೆ ನಾಳೆ ಬೆಳಿಗ್ಗೆ ಅದು ಇಡ್ಲಿ, ದೋಸೆ. ಹಾಗಾಗಿ ನಾಳೆ ಎಷ್ಟು ಮಂದಿ ಹಸಿದು ಬರುತ್ತಾರೆಂದು ಇವತ್ತೇ ಹೇಳಬೇಕು. ಪಂಚಾಂಗದವರು ತಪ್ಪಿದರೆ ಗ್ರಹಗಳ ಮೇಲೆ ಹಾಕಬಹುದು, ನಮಗೆ ಆ ಸೌಕರ್ಯವಿಲ್ಲ. ಹೆಚ್ಚು ಹೇಳಿದರೆ ಹಿಟ್ಟು ಹುಳಿಯುತ್ತದೆ. ಹುಳಿ ಬಂದದ್ದಕ್ಕೆ ಈರುಳ್ಳಿ ಹಾಕಿ ಉತ್ತಪ್ಪ ಎಂದು ಮಾರಿ ಮರ್ಯಾದೆ ಉಳಿಸಿಕೊಳ್ಳಬಹುದು. ಕಡಿಮೆ ಹೇಳಿದರೆ ಬಂದ ಗಿರಾಕಿಗೆ 'ಇಲ್ಲ' ಎನ್ನಬೇಕು. 'ಇಲ್ಲ' ಎಂಬ ಶಬ್ದಕ್ಕೆ ಈರುಳ್ಳಿ ಹಾಕಲು ಬರುವುದಿಲ್ಲ.

ಈ ಅಕ್ಕಿಯ ಮಾತಿಗೂ ಸಿನೆಮಾಕ್ಕೂ ನಂಟು ಬಿದ್ದದ್ದು ನನ್ನ ಹೊಟೇಲಿನ ಎದುರಿನ ಟಾಕೀಸಿನಿಂದ. ಈಗ ಅಲ್ಲಿ ಗಾಜಿನ ಮಾಲ್ ನಿಂತಿದೆ. ಆಗ ಒಂದೇ ಪರದೆಯ, ಸಾವಿರ ಕುರ್ಚಿಯ, ತಗಡಿನ ಮಾಡಿನ ಟಾಕೀಸು ಇತ್ತು. ಮಳೆ ಬಂದರೆ ಹೀರೋಯಿನ್ನಿನ ಹಾಡಿಗಿಂತ ತಗಡಿನ ಹಾಡೇ ಜೋರು. ಪೋಸ್ಟರನ್ನು ಕೈಯಲ್ಲೇ ಬರೆಯುತ್ತಿದ್ದರು; ಬರೆಯುವ ಪೇಂಟರನಿಗೆ ಹೀರೋನ ಮೂಗು ಎಂದೂ ಹಿಡಿತಕ್ಕೆ ಸಿಗದೆ ಎಲ್ಲ ಹೀರೋಗಳಿಗೂ ತನ್ನ ಮೂಗನ್ನೇ ಇಡುತ್ತಿದ್ದ. ಇಂಟರ್‌ವಲ್ ಗಂಟೆ ಹೊಡೆದರೆ ಇಡೀ ಟಾಕೀಸು ರಸ್ತೆ ದಾಟಿ ನನ್ನ ಹೊಟೇಲಿಗೆ ನುಗ್ಗುತ್ತಿತ್ತು. ಆ ಹತ್ತು ನಿಮಿಷದಲ್ಲಿ ನಾನು ಸಿನೆಮಾದ ಜಾತಕ ಬರೆದು ಮುಗಿಸುತ್ತಿದ್ದೆ. ನನ್ನ ಸೂತ್ರ ಸರಳ. ಗಂಟೆ ಹೊಡೆದಾಗ ಚಹಾವನ್ನು ಅರ್ಧಕ್ಕೇ ಬಿಟ್ಟು ಜನ ಓಡಿದರೆ ಸಿನೆಮಾ ಓಡುತ್ತದೆ. ಪೂರ್ತಿ ಕುಡಿದು, ಲೋಟದ ತಳ ನೋಡಿ, "ಅಣ್ಣಾ, ಔರ್ ಏಕ್ ಕಟಿಂಗ್ ಚಾಯ್" ಎಂದರೆ ಮುಂದಿನ ಶುಕ್ರವಾರ ಹೊಸ ಪೋಸ್ಟರ್ ಬೀಳುತ್ತದೆ.

ಶುಕ್ರವಾರ ಸಂಜೆ ಟಾಕೀಸಿನ ಮ್ಯಾನೇಜರೇ ರಸ್ತೆ ದಾಟಿ ಬಂದು, ಸ್ವರ ತಗ್ಗಿಸಿ, "ಅಣ್ಣಾ, ಕಿತನೇ ಹಫ್ತೇ?" ಎಂದು ಕೇಳುತ್ತಿದ್ದರು. ನಾನು ತೊಳೆಯಲು ಬಂದ ಲೋಟಗಳ ಕಡೆ ಒಮ್ಮೆ ನೋಡಿ, "ಆರು ವಾರ" ಎಂದೋ "ನಮಸ್ಕಾರ" ಎಂದೋ ಹೇಳುತ್ತಿದ್ದೆ. ಪುಕ್ಕಟೆ ಹೇಳುತ್ತಿದ್ದೆನೆಂದು ತಿಳಿಯಬೇಡಿ. ಒಂದು ಭವಿಷ್ಯಕ್ಕೆ ಬಾಲ್ಕನಿಯ ಎರಡು ಪಾಸು. ಆ ಪಾಸುಗಳನ್ನು ಗ್ಯಾಸ್ ಸಿಲಿಂಡರಿನವನಿಗೆ ಕೊಟ್ಟು ನಾನು ಎಂದೂ ಸಿಲಿಂಡರಿಗೆ ಕಾಯಲಿಲ್ಲ.

ನನ್ನ ಎರಡನೆಯ ಸೂತ್ರ ಟಾಕೀಸಿನ ಗೇಟ್‌ಕೀಪರ್ ಮಲ್ಲಪ್ಪ ಕೊಟ್ಟದ್ದು. ವಿಜಾಪುರದ ಕಡೆಯವನು. ಕೈಯಲ್ಲಿ ಟಾರ್ಚು, ಬಾಯಲ್ಲಿ ತಂಬಾಕು. ಅವನು ಹೇಳುತ್ತಿದ್ದ: "ಅಣ್ಣಾರ, ಖಳನಾಯಕ ನೆಲಕ್ಕ ಬಿದ್ದ ಮ್ಯಾಲ ಈ ಊರಾಗ ಯಾಂವಾ ಕುಂದ್ರಂಗಿಲ್ರೀ. ಲೋಕಲ್ ಟ್ರೇನ್ ಹಿಡೀಬೇಕಲ್ಲ! ಇನ್ನೂ ಕುಂತಾನಂದ್ರ ಅಂವ ಮಲಗ್ಯಾನಂತ ತಿಳೀರಿ." ಪ್ರತಿ ಆಟದ ಕೊನೆಗೂ ಅವನು ಟಾರ್ಚಿನಿಂದ ಕುರ್ಚಿಯ ಬೆನ್ನು ತಟ್ಟಿ ಮಲಗಿದವರನ್ನು ಎಬ್ಬಿಸುತ್ತಾ ಲೆಕ್ಕ ಹಿಡಿಯುತ್ತಿದ್ದ. ಹತ್ತರ ಒಳಗಿದ್ದರೆ ಹಿಟ್ಟು, ಐವತ್ತು ದಾಟಿದರೆ "ಪಿಚ್ಚರ್ ಮಲಗೇತ್ರಿ". ಇಂಗ್ಲಿಷಿನ ಹಿಟ್ಟಿಗೂ ನಮ್ಮ ಇಡ್ಲಿ ಹಿಟ್ಟಿಗೂ ಒಂದೇ ಶಬ್ದವಿರುವುದು ಸುಮ್ಮನೆ ಅಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಟಾಕೀಸು ಕೆಡವುವ ದಿನ ಮಲ್ಲಪ್ಪನೂ ನಾನೂ ನನ್ನ ಹೊಟೇಲಿನ ಬಾಗಿಲಲ್ಲಿ ನಿಂತಿದ್ದೆವು. ತಗಡಿನ ಮಾಡು ಇಳಿದಾಗ, ಮೂವತ್ತು ವರ್ಷ ಕತ್ತಲಲ್ಲಿದ್ದ ಕುರ್ಚಿಗಳ ಮೇಲೆ ಹಾಡುಹಗಲ ಬಿಸಿಲು ಬಿತ್ತು. ಕುರ್ಚಿಗಳು ಕೆಂಪು ಎಂದು ನನಗೆ ಗೊತ್ತಾದದ್ದೇ ಅವತ್ತು. ಮಲ್ಲಪ್ಪ ಅಭ್ಯಾಸಬಲದಿಂದ ಟಾರ್ಚು ಹಚ್ಚಿದ, ಆಮೇಲೆ ನಾಚಿ ಆರಿಸಿದ. ಈಗ ದಹಿಸರ್‌ನ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆಗಿದ್ದಾನೆ.

ಇನ್ನು ಮಗಳ ವಿಷಯ. ಶ್ವೇತಾ ಅಂಧೇರಿಯ ಒಂದು ಆಫೀಸಿನಲ್ಲಿ ಐದು ವರ್ಷ ಇದ್ದವಳು, ಮೂರು ತಿಂಗಳ ಹಿಂದೆ ಕೆಲಸ ಬಿಟ್ಟು ಬಂದು, "ಪಪ್ಪಾ, ನಾನು ಹೊಟೇಲ್ ನೋಡ್ಕೊಳ್ತೇನೆ" ಎಂದಳು. "ಎ.ಸಿ. ಬಿಟ್ಟು ಸಾಂಬಾರಿನ ಹಬೆಗೆ ಬಂದವರಲ್ಲಿ ನಾನು ಇವಳೊಬ್ಬಳನ್ನೇ ನೋಡಿದ್ದು" ಎಂದು ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಳು. ನಾನು ಗಲ್ಲಾ ಕೊಟ್ಟೆ, ಮೊಬೈಲಿನ ಆರ್ಡರ್ ಕೊಟ್ಟೆ, ಮೆನು ಕಾರ್ಡು ಬದಲಾಯಿಸಲು ಬಿಟ್ಟೆ. ಅಕ್ಕಿಯ ಮಾತು ಮಾತ್ರ ಕೊಡಲಿಲ್ಲ. ಭಟ್ಟರು ಹೊರಗೆ ಬಂದಾಗ ಅವಳು ಎಷ್ಟು ಸಲ ತಲೆಯೆತ್ತಿದಳೋ ಅಷ್ಟು ಸಲ ನಾನು ಮೊದಲೇ ಕೆಮ್ಮಿದೆ.

ಕಳೆದ ತಿಂಗಳು ಒಂದು ಭಾರೀ ಸೂಪರ್‌ಹೀರೋ ಸಿನೆಮಾ ಬರುವುದಿತ್ತು. ಮಾಲಿನ ಗೋಡೆ ತುಂಬ ಹಾರುವವರ ಚಿತ್ರ. ಶ್ವೇತಾ ಹೇಳಿದಳು: "ಪಪ್ಪಾ, ಈ ಶನಿವಾರಕ್ಕೆ ಡಬಲ್ ನೆನೆಸಬೇಕು. ಪಿಕ್ಚರ್ ಸುಪರ್‌ಹಿಟ್ ಆಗ್ತದೆ, ಪಕ್ಕಾ."

"ನಿನಗೆ ಹೇಗೆ ಗೊತ್ತು?"

"ನಿಮಗೆ ಹೇಗೆ ಗೊತ್ತಾಗ್ತಿತ್ತು? ಕಭೀ ಬತಾಯಾ?"

ಓಡುವುದಿಲ್ಲವೆಂದು ನಾನು, ಓಡುತ್ತದೆಂದು ಅವಳು, ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು ಗಲ್ಲಾದ ಮೇಲೆ ಎರಡೂ ಕೈ ಊರಿ, "ಡೀಲ್ ಮಾಡೋಣ. ಫಸ್ಟ್ ಶೋ ಒಟ್ಟಿಗೆ ನೋಡುವ. ನೀವು ಹೇಳಿದ ಹಾಗೆ ಆದ್ರೆ ಸೋಮವಾರದಿಂದ ನಾನು ವಾಪಸ್ ಅಂಧೇರಿ. ಹಳೇ ಬಾಸ್ ಕರೀತಾ ಇದ್ದಾರೆ. ನಾನು ಹೇಳಿದ ಹಾಗೆ ಆದ್ರೆ ಅಕ್ಕಿ ನಂದು. ಬೋಲೋ" ಎಂದಳು. ವ್ಯಾಪಾರದಲ್ಲಿ ಮೊದಲ ಬೆಲೆಗೆ ಒಪ್ಪಬಾರದೆಂದು ಊರಿಗೆಲ್ಲ ಹೇಳುವ ನಾನು ಆ ದಿನ ಮೊದಲ ಬೆಲೆಗೇ ಒಪ್ಪಿದೆ. ಗೆಲ್ಲುತ್ತೇನೆಂಬ ಭರವಸೆ ಇದ್ದಾಗ ಮನುಷ್ಯ ಮಾಡುವ ವ್ಯಾಪಾರದಷ್ಟು ಕೆಟ್ಟ ವ್ಯಾಪಾರ ಬೇರೆ ಇಲ್ಲ.

ಶುಕ್ರವಾರ ಬೆಳಗಿನ ಆಟಕ್ಕೆ ಮಾಲಿನೊಳಗಿನ ಟಾಕೀಸಿಗೆ ಹೋಗಿ ಕೂತೆವು. ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ ನನ್ನ ಬೆನ್ನಿಗೆ ಸಂಶಯ ಬಂತು. ಪರದೆಯ ಮೇಲೆ ಒಬ್ಬನು ಸಿಡಿಲು ನುಂಗುತ್ತಾನೆ, ಒಬ್ಬಳು ಗೋಡೆಯೊಳಗಿಂದ ನಡೆಯುತ್ತಾಳೆ, ಇನ್ನೊಬ್ಬನು ಏನೂ ಮಾಡದೆ ಬರೇ ಸಿಟ್ಟಾಗುತ್ತಾನೆ. ನಮ್ಮ ಯಕ್ಷಗಾನದ ವೇಷದವರೂ ಕಿರೀಟ, ಬಣ್ಣ, ಭುಜಕೀರ್ತಿ ಕಟ್ಟಿಕೊಂಡವರೇ. ಆದರೆ ಒಂದು ಏಟು ಹಾಕುವ ಮೊದಲು ಅರ್ಧ ಗಂಟೆ ವಾದ ಮಾಡಿ ಏಟಿಗೆ ಕಾರಣ ಕೊಡುತ್ತಿದ್ದರು. ಇಲ್ಲಿ ಕಾರಣ ಕೇಳುವಷ್ಟರಲ್ಲಿ ಇಪ್ಪತ್ತು ಮಾಳಿಗೆಯ ಬಿಲ್ಡಿಂಗು ಬಿದ್ದಿರುತ್ತದೆ. ನಮ್ಮ ಹಿಂದಿನ ಓಣಿಯ ಚಾಳಿನವರು ಹಳೆಯ ಕಟ್ಟಡ ಕೆಡವುವ ರೀಡೆವಲಪ್‌ಮೆಂಟಿಗೆಂದು ಹದಿನೆಂಟು ವರ್ಷದಿಂದ ಕಾಯುತ್ತಿದ್ದಾರೆ; ಇವರಲ್ಲಿ ಒಬ್ಬನನ್ನಾದರೂ ಕಳಿಸಿಕೊಟ್ಟಿದ್ದರೆ ಆಗುತ್ತಿತ್ತು.

ಇಂಟರ್‌ವಲ್‌ನಲ್ಲಿ ನನ್ನ ಮೊದಲ ಸೂತ್ರ ಕೈಕೊಟ್ಟಿತು. ಯಾರೂ ಏನನ್ನೂ ಅರ್ಧಕ್ಕೆ ಬಿಡಲಿಲ್ಲ. ಎಲ್ಲವನ್ನೂ ಬಕೆಟ್ಟಿನಲ್ಲಿ ಹಿಡಿದುಕೊಂಡು ಒಳಗೇ ಬಂದರು. ಸರಿ, ಎರಡನೆಯ ಸೂತ್ರಕ್ಕೆ ಕಾದೆ. ಕೊನೆಗೂ ಖಳನಾಯಕ ನೆಲಕ್ಕೆ ಬಿದ್ದ, ಹೆಸರುಗಳು ಮೇಲೇರತೊಡಗಿದವು. ನಾನು ಚಪ್ಪಲಿ ಮೆಟ್ಟಿ ಎದ್ದು ನಿಂತು ಹಿಂದೆ ತಿರುಗಿ ನೋಡಿದರೆ, ಆಹಾ! ಒಬ್ಬನೂ ಎದ್ದಿಲ್ಲ. ಇಡೀ ಟಾಕೀಸು ಕಲ್ಲಿನ ಹಾಗೆ ಕೂತಿದೆ. ಪಕ್ಕದ ಹುಡುಗನ ಭುಜ ತಟ್ಟಿ, ಮಲ್ಲಪ್ಪನನ್ನು ನೆನೆದು, "ಉಠೋ ಬೇಟಾ, ಖತಮ್ ಹೋ ಗಯಾ" ಎಂದೆ. ಅವನು "ಅಂಕಲ್, ಪ್ಲೀಸ್!" ಎಂದು ಸಿಡುಕಿದ. ನಿದ್ದೆಯಿಂದ ಎಬ್ಬಿಸಿದರೆ ಯಾರಾದರೂ ಸಿಡುಕುವವರೇ. ಶ್ವೇತಾ, "ಪಪ್ಪಾ, ರುಕೋ ನಾ, ಇನ್ನೂ ಉಂಟು" ಎಂದಳು. ಇನ್ನೇನು, ಹೆಸರುಗಳು ತಾನೇ? ಅದರಲ್ಲಿ ನಮ್ಮವರು ಯಾರೂ ಇರಲಿಕ್ಕಿಲ್ಲವೆಂದು ನಾನು ಹೊರಗೆ ಬಂದುಬಿಟ್ಟೆ.

ಹೊರಗಿನಿಂದಲೇ ಮಲ್ಲಪ್ಪನಿಗೆ ಫೋನು ಹಚ್ಚಿ, ಖಳನಾಯಕ ಬಿದ್ದರೂ ಜನ ಎದ್ದಿಲ್ಲವೆಂದೆ.

"ಎಷ್ಟು ಮಂದಿ ಕುಂತಾರ್ರೀ?"

"ಎಲ್ಲರೂ."

"ಎಲ್ಲಾರೂ?" ಅವನು ತಂಬಾಕು ಉಗುಳಿದ್ದು ಕೇಳಿಸಿತು. "ಅಯ್ಯಯ್ಯ ಅಣ್ಣಾರ, ನನ್ನ ಸರ್ವೀಸಿನಾಗ ಇಂಥಾದ್ದು ನೋಡಿಲ್ಲ ಬಿಡ್ರಿ. ಪಿಚ್ಚರ್ ಮಣ್ಣಾತು."

ಮಧ್ಯಾಹ್ನ ಭಟ್ಟರು ಹೊರಗೆ ಬಂದರು. ನಾನು ಗೆದ್ದವನ ಗತ್ತಿನಲ್ಲಿ ಬಾಯಿ ತೆರೆದೆ, ಆಗ ಗಲ್ಲಾದಲ್ಲಿ ಕೂತ ಮಗಳು ಕಣ್ಣಿಗೆ ಬಿದ್ದಳು. ಗೆದ್ದರೆ ಸೋಮವಾರ ಈ ಕುರ್ಚಿ ಖಾಲಿ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ಮೂರು ತಿಂಗಳಿಂದ ಅಲ್ಲಿಂದ ಬರುತ್ತಿದ್ದ ನಗು ನನಗೆ ಅಭ್ಯಾಸವಾಗಿತ್ತು. ಅವಳು ಹೇಳಿದ ಡಬಲ್ಲೇ, ಮೂವತ್ತು ಕಿಲೋ ಎಂದು ಬಿಡಲೇ ಎನಿಸಿತು. ಆದರೆ ಮೂವತ್ತೊಂದು ವರ್ಷದ ಜಂಬ ಅಷ್ಟು ಬೇಗ ನೆನೆಯುವ ಅಕ್ಕಿಯಲ್ಲ. "ಹನ್ನೆರಡು ಕಿಲೋ ಸಾಕು" ಎಂದೆ.

"ನಾಳೆ ಶನಿವಾರ ಅಲ್ವಾ ಧಣಿ? ಹನ್ನೆರಡು ಎಂತಕ್ಕೆ ಸಾಕು ಮಾರಾಯ್ರೇ?" ಎಂದು ಭಟ್ಟರು ಮಗಳ ಕಡೆ ನೋಡಿದರು. ಅವಳು ಶಾಂತವಾಗಿ, "ಪಪ್ಪಾ ಹೇಳಿದಷ್ಟೇ" ಎಂದಳು.

ಶನಿವಾರದ ಕಥೆಯನ್ನು ಬೇಗ ಮುಗಿಸುತ್ತೇನೆ, ಹೇಳಲು ಹಿತವಾದದ್ದಲ್ಲ. ಬೆಳಗಿನ ಆಟ ಬಿಟ್ಟಾಗ ರಸ್ತೆ ತುಂಬ ಮೇಲಂಗಿಗಳು: ಕೆಂಪು, ನೀಲಿ, ಹೊಳೆಯುವ ಹಳದಿ. ಅಪ್ಪಂದಿರ ಹೆಗಲ ಮೇಲೆ ಮುಖವಾಡ ಹಾಕಿದ ಮಕ್ಕಳು. ಎಲ್ಲ ಹನ್ನೊಂದು ಮೇಜೂ ತುಂಬಿ, ಹೊರಗೆ ಸಾಲು ನಿಂತು, ಹನ್ನೊಂದೂವರೆಗೆ ಭಟ್ಟರು ಖಾಲಿ ಪಾತ್ರೆಯನ್ನು ನನಗೆ ಕಾಣುವಂತೆ ಬೋರಲು ಹಾಕಿದರು. ಆಮೇಲೆ ನಾನು ಬಾಗಿಲಲ್ಲಿ ನಿಂತು ಹೇಳಿದ 'ಇಲ್ಲ'ಗಳನ್ನು ಎಣಿಸಲಿಲ್ಲ. ಒಬ್ಬಳು ಪುಟ್ಟ ಹುಡುಗಿ ಮುಖವಾಡ ಮೇಲೆತ್ತಿ, "ಇಡ್ಲಿ ಭೀ ನಹೀಂ?" ಎಂದು ಕೇಳಿದಳು. ಸಿಡಿಲು ನುಂಗಿದ ಹಾಗಾಯಿತು. ಅವಳ ಅಪ್ಪನೇ ನನಗೆ ವಿವರಿಸಿದ: ಇಂಥ ಚಿತ್ರಗಳಲ್ಲಿ ಹೆಸರುಗಳೆಲ್ಲ ಮುಗಿದ ಮೇಲೆ ಒಂದು ಚಿಕ್ಕ ದೃಶ್ಯ ಇಟ್ಟಿರುತ್ತಾರಂತೆ, ಅದನ್ನು ನೋಡದೆ ಎದ್ದವನು ಸಿನೆಮಾ ನೋಡಿದ ಲೆಕ್ಕಕ್ಕೇ ಇಲ್ಲವಂತೆ.

ಮಧ್ಯಾಹ್ನ ಮಗಳನ್ನು ಕೇಳಿದೆ: "ನಿನಗೆ ಹೇಗೆ ಗೊತ್ತಾಯಿತು? ಕಂಪ್ಯೂಟರಿನಲ್ಲಿ ನೋಡಿದೆಯಾ?"

"ಛೇ, ಅದರಲ್ಲಿ ಎಲ್ಲ ಪಿಕ್ಚರ್ ಕೂಡ ಹಿಟ್ಟೇ. ನಾನು ಹಿಂದಿನ ಗಲ್ಲಿಯ ಟೇಲರ್ ಹತ್ರ ಬ್ಲೌಸ್ ಕೊಡ್ಲಿಕ್ಕೆ ಹೋಗಿದ್ದೆ. ಹದಿನೈದು ದಿನ ಟೈಮ್ ಇಲ್ಲ ಅಂದ್ರು. ಕ್ಯೋಂ ಅಂತ ಕೇಳಿದ್ರೆ, ಬಿಲ್ಡಿಂಗ್ ಮಕ್ಕಳದ್ದೆಲ್ಲ ಮೇಲಂಗಿ ಹೊಲೀತಾ ಇದ್ದಾರೆ. ಹಳದಿ ಸ್ಯಾಟಿನ್ ಬಟ್ಟೆ ಮಾರ್ಕೆಟಲ್ಲೇ ಖತಮ್!"

ಸೋಲು ಎಷ್ಟು ಪೂರ್ತಿಯಾಗಿತ್ತೆಂದರೆ ನನಗೆ ಹೆಮ್ಮೆಯಾಯಿತು. ಲೋಟ ನೋಡುವ ಕಣ್ಣೇ ಅದು, ನೋಡಿದ ವಸ್ತು ಮಾತ್ರ ಬೇರೆ. ಆದರೂ ಅಭ್ಯಾಸ ಬಿಡುವುದುಂಟೇ? "ಭಾನುವಾರದ್ದು ನನಗಿರಲಿ" ಎಂದೆ. "ನೋ." "ಹಬ್ಬದ ದಿನ?" "ಪಪ್ಪಾ!" ಅಷ್ಟರಲ್ಲಿ ಭಟ್ಟರು ಬಂದು ಅವಳ ಮುಖ ನೋಡಿ, "ಎಷ್ಟು ನೆನೆಸುದು ಅಮ್ಮಾ?" ಎಂದರು. ನಾನು ಕೆಮ್ಮಲಿಲ್ಲ. "ಮೂವತ್ತೈದು" ಎಂದಳು. ಆಮೇಲೆ ಕನಿಕರದಿಂದ, ಚಟ್ನಿಗೆ ಎಷ್ಟು ತೆಂಗಿನಕಾಯಿ ಒಡೆಯಬೇಕೆಂದು ಹೇಳುವ ಅಧಿಕಾರವನ್ನು ನನಗೇ ಬಿಟ್ಟುಕೊಟ್ಟಳು. ಆದರೆ ಎಷ್ಟು ಇಡ್ಲಿ ಎಂದು ತಿಳಿಯದೆ ಎಷ್ಟು ಚಟ್ನಿ ಎಂದು ಹೇಳುವುದು ಹೇಗೆ? ಹಾಗಾಗಿ ನಾನೂ ಈಗ ದಿನಾ ಮಧ್ಯಾಹ್ನ ಭಟ್ಟರ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತೇನೆ.

ನಿಮಗೆ ನನ್ನ ಸಲಹೆ ಇಷ್ಟು. ಇದಕ್ಕೆ ಪಾಸು ಕೇಳುವುದಿಲ್ಲ. ಹಾರುವವರ ಸಿನೆಮಾ ಓಡುತ್ತದೋ ಇಲ್ಲವೋ ತಿಳಿಯಬೇಕಾದರೆ ಟಾಕೀಸಿಗೆ ಹೋಗಬೇಡಿ, ನಿಮ್ಮ ಗಲ್ಲಿಯ ಟೇಲರನ ಹತ್ತಿರ ಹೋಗಿ. ಹೋಗಲೇಬೇಕೆಂದಿದ್ದರೆ ಬೆಳಗಿನ ಆಟಕ್ಕೆ ಹೋಗಿ, ಮನೆಯಲ್ಲಿ ತಿಂದು ಹೋಗಿ, ನೀರಿನ ಬಾಟಲಿಯನ್ನು ಪುಕ್ಕಟೆ ಕೇಳಿ, ಕಸ ಗುಡಿಸುವವರು ಬರುವ ತನಕ ಏಳಬೇಡಿ. ಇನ್ನು, ಯಾವತ್ತಾದರೂ ಮಕ್ಕಳಿಗೆ ಅಧಿಕಾರ ಬಿಟ್ಟುಕೊಡುವುದಿದ್ದರೆ ನೀವು ಗೆದ್ದ ದಿನವೇ ಕೊಟ್ಟುಬಿಡಿ, ಅವತ್ತು ಅದಕ್ಕೆ ಒಳ್ಳೆಯ ಬೆಲೆ ಬರುತ್ತದೆ. ನಾನು ಸೋಲುವ ತನಕ ಕಾದದ್ದರಿಂದ ತೆಂಗಿನಕಾಯಿ ಮಾತ್ರ ಉಳಿಯಿತು. ನೀವು ಉದ್ದಿನಬೇಳೆಯನ್ನಾದರೂ ಉಳಿಸಿಕೊಳ್ಳಿ.